ಕೋಸು ಕಿತ್ತ ಪಾತಿಗೆ ಬೇಸಿಗೆಯಲ್ಲಿ ಏನು ಹಾಕಬೇಕು?

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ಬಂಗಾರಪೇಟೆ, ಕೆಜಿಎಫ್ ಕಡೆಯ ಕೈತೋಟಗಳಲ್ಲಿ ಪಾತಿಗಳು ಒಂದೊಂದಾಗಿ ಬರಿದಾಗುತ್ತವೆ. ಕೋಸು ಕಿತ್ತಾಯಿತು, ಕ್ಯಾರೆಟ್ ಮುಗಿಯಿತು, ಕೊತ್ತಂಬರಿ ಹೂ ಬಿಟ್ಟಿತು, ಅವರೆ ಗಿಡ ಒಣಗಿತು. ಕೆಲವರು "ಇನ್ನು ಮಳೆ ಬಂದ ಮೇಲೆ ನೋಡೋಣ" ಎಂದು ಗುದ್ದಲಿಯನ್ನು ಮೂಲೆಗಿಟ್ಟುಬಿಡುತ್ತಾರೆ. ಮೂರು ತಿಂಗಳು ಬರಿಮಣ್ಣು ಬಿಸಿಲಲ್ಲಿ ಬೇಯುತ್ತದೆ. ಇನ್ನು ಕೆಲವರು ನರ್ಸರಿಯಲ್ಲಿ ಸಿಕ್ಕಿತೆಂದು ಕೋಸಿನ ಸಸಿಯನ್ನೇ ಮತ್ತೆ ತಂದು ನೆಡುತ್ತಾರೆ. ಏಪ್ರಿಲ್ ಹೊತ್ತಿಗೆ ಅದು ಗಡ್ಡೆ ಕಟ್ಟದೆ, ಎಲೆಯೆಲ್ಲ ಹುಳು ತಿಂದು ತೂತಾಗಿ ನಿಲ್ಲುತ್ತದೆ. ಎರಡು ದಾರಿಯಲ್ಲೂ ನಷ್ಟ ನಿಮ್ಮದೇ.

ಈ ಊರುಗಳು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿವೆ. ಹಗಲು ಎಷ್ಟೇ ಸುಟ್ಟರೂ, ಘಟ್ಟದ ಕೆಳಗಿನ ಆಂಬೂರು, ವೆಲ್ಲೂರುಗಳಿಗೆ ಹೋಲಿಸಿದರೆ ನಮ್ಮ ರಾತ್ರಿ ತಂಪು. ಬೇಸಿಗೆ ತರಕಾರಿಗೆ ಅಷ್ಟು ಸಾಕು. ಆದರೆ ಇಲ್ಲಿ ಬೆಳೆಯ ಅಳತೆಯನ್ನು ನಿರ್ಧರಿಸುವುದು ಜಾಗವಲ್ಲ, ನೀರು. ವರ್ಷವಿಡೀ ಹರಿಯುವ ನದಿಯಿಲ್ಲದ, ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿರುವ ಜಿಲ್ಲೆ ನಮ್ಮ ಕೋಲಾರ. ಹಾಗಾಗಿ ಖಾಲಿಯಾದ ಪಾತಿಗಳನ್ನೆಲ್ಲ ತುಂಬಿಸಲು ಹೋಗಬೇಡಿ. ನೀರಿದ್ದಷ್ಟು ಪಾತಿಗೆ ಬೇಸಿಗೆ ಬೆಳೆ ಹಾಕಿ, ಉಳಿದವನ್ನು ಇದೇ ಬಿಸಿಲಿನಿಂದ ಶುದ್ಧಿ ಮಾಡಿಕೊಳ್ಳಿ.

ಕೆಲವು ಗಿಡ ಸೋಲುವುದೇಕೆ, ಕೆಲವು ಗೆಲ್ಲುವುದೇಕೆ

ಕ್ಯಾರೆಟ್, ಬಟಾಣಿ, ಪಾಲಕ್, ಕೊತ್ತಂಬರಿ ಇವೆಲ್ಲ ತಂಪಿನ ಬೆಳೆಗಳು. ಮಣ್ಣಿನ ಶಾಖ 30 ಡಿಗ್ರಿ ದಾಟಿದರೆ ಇವುಗಳ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಮೊಳೆತರೂ ಬೇಗ ಹೂ ಬಿಟ್ಟು ಮುಗಿದುಹೋಗುತ್ತವೆ. ಬೆಂಡೆ, ಅಲಸಂದೆ, ಗೋರಿಕಾಯಿಗಳ ಸ್ವಭಾವವೇ ಬೇರೆ: 27ರಿಂದ 35 ಡಿಗ್ರಿ ಶಾಖದ ಮಣ್ಣಿನಲ್ಲೇ ಅವು ಚೆನ್ನಾಗಿ ಮೊಳೆಯುವುದು.

ಬಿಸಿಲು ಇಷ್ಟಪಡುವ ಬೆಳೆಗೂ ಒಂದು ಮಿತಿಯಿದೆ. ಮಧ್ಯಾಹ್ನದ ಬರಿಮಣ್ಣಿನ ಮೇಲ್ಪದರ 50 ಡಿಗ್ರಿಯವರೆಗೂ ಕಾಯಬಹುದು. ಎಳೆಯ ಮೊಳಕೆಯ ಕುತ್ತಿಗೆ ಸುಟ್ಟುಹೋಗುವುದು ಅಲ್ಲೇ. ಮಣ್ಣಿನ ಮೇಲೆ ಎರಡು ಮೂರು ಇಂಚು ಹೊದಿಕೆ ಬಿದ್ದರೆ ಆ ಶಾಖ ಬಹಳಷ್ಟು ಇಳಿಯುತ್ತದೆ, ನೀರು ಆರುವುದೂ ನಿಧಾನವಾಗುತ್ತದೆ. ಹೊದಿಕೆಯಿಲ್ಲದೆ ಬೇಸಿಗೆ ತೋಟ ಮಾಡಬೇಡಿ.

ಟೊಮ್ಯಾಟೊ ನಮ್ಮ ಜಿಲ್ಲೆಯ ಹೆಸರಿನ ಬೆಳೆ, ನಿಜ. ಆದರೂ ಹಗಲು 35 ಡಿಗ್ರಿ ಮೀರಿ, ರಾತ್ರಿಯೂ ಸೆಕೆಯಾದರೆ ಅದರ ಹೂವು ಕಾಯಿ ಕಟ್ಟದೆ ಉದುರುತ್ತದೆ. ಮಾರ್ಚ್‌ನಲ್ಲಿ ನೆಟ್ಟ ಟೊಮ್ಯಾಟೊ ಹೂವಿಗೆ ಬರುವುದು ಸರಿಯಾಗಿ ಕಡುಬೇಸಿಗೆಯಲ್ಲಿ. ಮಾರುಕಟ್ಟೆಗೆ ಬೆಳೆಯುವ ರೈತರು ಡ್ರಿಪ್, ಮಲ್ಚಿಂಗ್, ಔಷಧಿ ಎಲ್ಲ ಹೂಡಿ ಅದನ್ನು ನಿಭಾಯಿಸುತ್ತಾರೆ. ಮನೆಬಳಕೆಗೆ ಆ ಹೋರಾಟ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ನೀರಿನ ಲೆಕ್ಕ

ಏಪ್ರಿಲ್ ಬಿಸಿಲಿನಲ್ಲಿ ಗಿಡ ತುಂಬಿದ ಪಾತಿಗೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5ರಿಂದ 6 ಲೀಟರ್ ನೀರು ಬೇಕು. ನಾಲ್ಕಡಿ ಅಗಲ, ಹತ್ತಡಿ ಉದ್ದದ ಪಾತಿ ಎಂದರೆ 3.7 ಚದರ ಮೀಟರ್. ಅಂದರೆ ದಿನಕ್ಕೆ ಸುಮಾರು 20 ಲೀಟರ್. 15 ಲೀಟರಿನ ಬಿಂದಿಗೆಯಲ್ಲಿ ಒಂದೂವರೆ ಬಿಂದಿಗೆಗೆ ಸ್ವಲ್ಪ ಕಡಿಮೆ. ಅಂಥ ಆರು ಪಾತಿ ಇಟ್ಟರೆ ದಿನಕ್ಕೆ 120 ಲೀಟರ್ ದಾಟುತ್ತದೆ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಮನೆಯಲ್ಲಿ, ಟ್ಯಾಂಕರ್ ತರಿಸುವ ಬೀದಿಯಲ್ಲಿ ಇದು ನಡೆಯುವ ಮಾತಲ್ಲ. ನಿಮ್ಮ ಮನೆಯಲ್ಲಿ ತೋಟಕ್ಕೆಂದು ದಿನಕ್ಕೆ ಖಂಡಿತವಾಗಿ ಉಳಿಯುವ ನೀರು ಎಷ್ಟು ಲೀಟರ್ ಎಂದು ಒಂದು ವಾರ ಗಮನಿಸಿ, 20ರಿಂದ ಭಾಗಿಸಿ. ಬಂದ ಸಂಖ್ಯೆಯಷ್ಟು ಪಾತಿ ಹಾಕಿ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳವಾಗಿ ಬಳಸಬಹುದು. ಬಟ್ಟೆ ಒಗೆದ ಸೋಪಿನ ನೀರು ಸೊಪ್ಪಿನ ಪಾತಿಗೆ ಬೇಡ. ನೀರು ಶುದ್ಧೀಕರಿಸುವ ಆರ್‌ಓ ಯಂತ್ರ ಹೊರಹಾಕುವ ನೀರಿನ ವಿಷಯದಲ್ಲಿ ಇನ್ನೂ ಎಚ್ಚರಿಕೆ ಇರಲಿ. ನಮ್ಮ ಬೋರ್‌ವೆಲ್ ನೀರೇ ಗಡುಸು. ಅದರ ಲವಣವೆಲ್ಲ ಸೇರುವುದು ಆ ಹೊರಹಾಕಿದ ನೀರಿನಲ್ಲಿ. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಪಾತಿಗೆ ದಿನವೂ ಸುರಿದರೆ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿ, ಎಲೆಯ ಅಂಚು ಸುಟ್ಟಂತಾಗುತ್ತದೆ.

ನೆಡುವ ಮೊದಲು ಬೇರು ನೋಡಿ

ಹಳೆಯ ಬೆಳೆಯನ್ನು ತೆಗೆಯುವಾಗ ಪ್ರತಿ ಪಾತಿಯಿಂದಲೂ ಮೂರು ನಾಲ್ಕು ಗಿಡ ಬೇರುಸಮೇತ ಕಿತ್ತು, ನೀರಿನಲ್ಲಿ ತೊಳೆದು ನೋಡಿ. ಇದು ಐದು ನಿಮಿಷದ ಕೆಲಸ. ಬೇಸಿಗೆಯ ಬೆಳೆ ಯಾವುದೆಂದು ಅಲ್ಲೇ ಗೊತ್ತಾಗುತ್ತದೆ.

ಬೇರು ಗಂಟುಗಂಟಾಗಿ ಊದಿದ್ದರೆ ಮಣ್ಣಿನಲ್ಲಿ ಬೇರುಗಂಟು ಜಂತುಹುಳು ಇದೆ. ಕೆಂಪು ಮರಳುಮಿಶ್ರಿತ ಮಣ್ಣು ಇದಕ್ಕೆ ತುಂಬ ಅನುಕೂಲ. ಅವರೆ, ಹುರುಳಿಕಾಯಿ, ಬಟಾಣಿ ಬೇರಿನಲ್ಲೂ ಗಂಟು ಇರುತ್ತದೆ, ಹೆದರಬೇಡಿ; ಅದು ಗಾಳಿಯ ಸಾರಜನಕ ಹಿಡಿದುಕೊಡುವ ಒಳ್ಳೆಯ ಗಂಟು. ವ್ಯತ್ಯಾಸ ಸುಲಭ: ಉಗುರಿನಲ್ಲಿ ತೀಡಿದರೆ ಕಳಚಿಬಿದ್ದು, ಒಳಗೆ ನಸುಗೆಂಪು ಕಂಡರೆ ಒಳ್ಳೆಯದು. ಬೇರೇ ದಪ್ಪವಾಗಿದ್ದು, ಬಿಡಿಸಲು ಬರದಿದ್ದರೆ ಜಂತುಹುಳು.

ಜಂತುಹುಳು ಇರುವ ಪಾತಿಗೆ ಬೆಂಡೆ, ಬದನೆ, ಟೊಮ್ಯಾಟೊ, ಸೌತೆ ಹಾಕಲೇಬಾರದು. ಬೆಂಡೆಯಂತೂ ಮೊದಲ ಬಲಿ. ಅಲ್ಲಿ ಚೆಂಡುಹೂವು ಹಾಕಿ. ಅದರ ಬೇರು ಈ ಹುಳುವನ್ನು ತಗ್ಗಿಸುತ್ತದೆ, ಹೂವು ಮನೆಗೂ ಆಗುತ್ತದೆ. ಇಲ್ಲವೇ ಆ ಪಾತಿಯನ್ನು ಬಿಸಿಲ ಶುದ್ಧಿಗೆ ಬಿಡಿ, ವಿಧಾನ ಮುಂದಿದೆ.

ಬೇರು ಚೊಕ್ಕವಾಗಿದ್ದರೆ ಬೆಳೆಯ ಕುಟುಂಬವನ್ನು ಬದಲಿಸುವುದಷ್ಟೇ ನಿಯಮ. ಕೋಸು, ಹೂಕೋಸು, ನವಿಲುಕೋಸು, ಮೂಲಂಗಿ ಇದ್ದಲ್ಲಿ ಅಲಸಂದೆ ಅಥವಾ ಗೋರಿಕಾಯಿ. ಅವರೆ, ಬಟಾಣಿ, ಹುರುಳಿಕಾಯಿ ಇದ್ದಲ್ಲಿ ಬೆಂಡೆ ಅಥವಾ ಸೊಪ್ಪು. ಬಿಟ್ಟುಹೋದ ಸಾರಜನಕ ಇವಕ್ಕೆ ದಕ್ಕುತ್ತದೆ. ಆಲೂಗಡ್ಡೆ, ಟೊಮ್ಯಾಟೊ ಇದ್ದಲ್ಲಿ ಬದನೆ, ಮೆಣಸಿನಕಾಯಿ ಬೇಡ. ಎಲ್ಲವೂ ಒಂದೇ ಕುಟುಂಬ, ರೋಗವೂ ಒಂದೇ.

ಏನು ಹಾಕಬಹುದು

ಮನೆಗೆ ಮೊದಲು ಸೊಪ್ಪು. ದಂಟು, ಕೀರೆ, ಅರಿವೆ ಬಿತ್ತಿದ 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಒಂದೇ ಸಲ ಇಡೀ ಪಾತಿ ಬಿತ್ತಬೇಡಿ; ಮೂರು ಭಾಗ ಮಾಡಿ ಹತ್ತು ದಿನಕ್ಕೊಂದರಂತೆ ಬಿತ್ತಿದರೆ ಬೇಸಿಗೆಯುದ್ದಕ್ಕೂ ಮಸ್ಸೊಪ್ಪಿಗೆ, ಉಪ್ಸಾರಿಗೆ ಕೊರತೆಯಿಲ್ಲ. ಪಾತಿಯ ಅಂಚಿಗೆ ಒಂದೆರಡು ಬಸಳೆ ಬಳ್ಳಿ ಇರಲಿ.

ನೀರು ತೀರ ಕಡಿಮೆಯಿದ್ದವರಿಗೆ ಗೋರಿಕಾಯಿಯಷ್ಟು ಭರವಸೆಯ ತರಕಾರಿ ಇನ್ನೊಂದಿಲ್ಲ. ಬೇರು ಆಳಕ್ಕಿಳಿಯುತ್ತದೆ, ಎರಡು ದಿನ ನೀರು ತಪ್ಪಿದರೂ ತಡೆದುಕೊಳ್ಳುತ್ತದೆ. ಪೂಸಾ ನವಬಹಾರ್ ತಳಿ ಹಳೆಯದಾದರೂ ಒಳ್ಳೆಯದು. ಅಲಸಂದೆಯಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಗರಿಮಾ, ಬೆಂಡೆಯಲ್ಲಿ ಅದೇ ಸಂಸ್ಥೆಯ ಅರ್ಕಾ ಅನಾಮಿಕಾ ತಳಿಗಳಿವೆ. ಮೂರೂ ಸುಮಾರು 45ರಿಂದ 55 ದಿನಕ್ಕೆ ಮೊದಲ ಕಾಯಿ ಕೊಡುತ್ತವೆ.

ಚಪ್ಪರ ಹಾಕಲು ಜಾಗವಿದ್ದರೆ ಹೀರೆ, ಹಾಗಲ, ಪಡವಲ, ಸೋರೆ. ಇವುಗಳಲ್ಲಿ ಒಂದು ತಿಳಿದಿರಬೇಕಾದ ಸಂಗತಿಯಿದೆ. ಬಿಸಿಲು ಹೆಚ್ಚಿ ಹಗಲು ಉದ್ದವಾದಾಗ ಬಳ್ಳಿಗಳು ಗಂಡುಹೂವನ್ನೇ ಹೆಚ್ಚು ಬಿಡುತ್ತವೆ. ಹೂವು ರಾಶಿ, ಕಾಯಿ ಕಾಣೆ ಎಂಬ ದೂರು ಬರುವುದು ಇದರಿಂದ. ಅದಕ್ಕೆ ಔಷಧಿ ಬೇಕಿಲ್ಲ. ಸಿಕ್ಕ ಹೆಣ್ಣುಹೂವನ್ನು ಕೈಯಾರೆ ಪರಾಗಸ್ಪರ್ಶ ಮಾಡಿ: ಬುಡದಲ್ಲಿ ಪುಟ್ಟ ಕಾಯಿಯಿರುವುದು ಹೆಣ್ಣು, ಗಂಡುಹೂವು ಕಿತ್ತು ಅದರ ಪರಾಗವನ್ನು ಹೆಣ್ಣಿನ ನಡುವಿಗೆ ಮುಟ್ಟಿಸಿ. ಹೊತ್ತು ಮಾತ್ರ ತಪ್ಪಬಾರದು. ಕುಂಬಳ, ಹಾಗಲ, ಸೌತೆ ಅರಳುವುದು ಬೆಳಗ್ಗೆ. ಹೀರೆ, ಸೋರೆ, ಪಡವಲ ಅರಳುವುದು ಸಂಜೆ. ಬೆಳಗ್ಗೆ ಹೀರೆ ಚಪ್ಪರದ ಕೆಳಗೆ ನಿಂತು ಏನೂ ಆಗಲಿಲ್ಲವೆನ್ನುವವರು ಸಂಜೆ ಆರಕ್ಕೆ ಹೋಗಿ ನೋಡಿ.

ಅವರೆಯ ಆಸೆಯಿರುವವರಿಗೆ ಒಂದು ಮಾತು. ನಮ್ಮ ನಾಟಿ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಬಿಡುವ ಗಿಡ. ಮಾರ್ಚ್‌ನಲ್ಲಿ ಬಿತ್ತಿದರೆ ಬಳ್ಳಿ ಹಬ್ಬುತ್ತದೆ, ನೀರು ಕುಡಿಯುತ್ತದೆ, ಕಾಯಿ ಕೊಡುವುದಿಲ್ಲ. ಬೇಸಿಗೆಗೆ ಬೇಕಿದ್ದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಅಥವಾ ಹೆಬ್ಬಾಳ ಅವರೆ-4 ಹಾಕಿ. ಇವಕ್ಕೆ ಹಗಲಿನ ಉದ್ದದ ಹಂಗಿಲ್ಲ. ಸೊನೆಯ ಘಮ ಮಾತ್ರ ಚಳಿಗಾಲದ ನಾಟಿ ಅವರೆಯದ್ದೇ.

ಮಾಡುವ ಕ್ರಮ

1. ಅವರೆ, ಬಟಾಣಿ, ಹುರುಳಿಕಾಯಿ ಗಿಡಗಳನ್ನು ನೆಲಮಟ್ಟಕ್ಕೆ ಕತ್ತರಿಸಿ, ಬೇರು ಮಣ್ಣಿನಲ್ಲೇ ಇರಲಿ. ಕೋಸಿನ ದಿಂಡನ್ನು ಮಾತ್ರ ಬೇರುಸಮೇತ ಕಿತ್ತು ತಿಪ್ಪೆಗೆ ಹಾಕಿ. ಬಿಟ್ಟರೆ ಮತ್ತೆ ಚಿಗುರಿ ಹುಳುವಿಗೆ ಮನೆಯಾಗುತ್ತದೆ. ಒಣಗಿದ್ದನ್ನು ಸುಡಬೇಡಿ, ಹೊದಿಕೆಗೆ ಬೇಕಾಗುತ್ತದೆ.

2. ಖಾಲಿ ಪಾತಿಗೆ ಒಂದು ಸಲ ಭರ್ತಿ ನೀರು ಕೊಡಿ. ಚಳಿಗಾಲವಿಡೀ ಕೂತ ಲವಣ ಕೆಳಗಿಳಿಯುತ್ತದೆ. ಎರಡು ಮೂರು ದಿನ ಕಾದು, ಮಣ್ಣು ಹದಕ್ಕೆ ಬಂದಾಗ ಅಂದರೆ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳಲ್ಲಿ ತಟ್ಟಿದರೆ ಒಡೆಯುವಂತಾದಾಗ ಅಗೆಯಿರಿ.

3. ಚದರ ಮೀಟರಿಗೆ ಎರಡರಿಂದ ಮೂರು ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಬೊಗಸೆ ಬೇವಿನ ಅಥವಾ ಹೊಂಗೆ ಹಿಂಡಿ. ಹಸಿ ಸಗಣಿ ಕೂಡದು. ಅದು ಮಣ್ಣನ್ನು ಇನ್ನಷ್ಟು ಬಿಸಿ ಮಾಡುತ್ತದೆ, ಗೊಣ್ಣೆಹುಳುವನ್ನೂ ತರುತ್ತದೆ.

4. ಏರು ಮಡಿ ಮಳೆಗಾಲಕ್ಕೆ. ಈಗ ಪಾತಿಯನ್ನು ನೆಲಕ್ಕಿಂತ ಎರಡು ಮೂರು ಇಂಚು ತಗ್ಗಿಸಿ, ಸುತ್ತ ಬದು ಕಟ್ಟಿ. ಕೊಟ್ಟ ನೀರು ಅಲ್ಲೇ ಇಂಗುತ್ತದೆ. ಮೇ ತಿಂಗಳಲ್ಲಿ ಗುಡುಗುಮಳೆ ಶುರುವಾದಾಗ ಬದುವಿಗೆ ಒಂದು ಕಂಡಿ ಬಿಟ್ಟರಾಯಿತು.

5. ಬೆಂಡೆ ಬೀಜವನ್ನು ರಾತ್ರಿ ನೀರಲ್ಲಿ ನೆನೆಹಾಕಿ. ಸಂಜೆ ಬಿತ್ತಿ. ಮಳೆಗಾಲಕ್ಕಿಂತ ಸ್ವಲ್ಪ ಆಳಕ್ಕೆ, ಸುಮಾರು ಒಂದು ಇಂಚು. ಬೆಂಡೆಗೆ ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದಡಿ. ದಂಟಿನ ಬೀಜ ಸಣ್ಣದು, ಇರುವೆ ಒಂದೇ ರಾತ್ರಿಯಲ್ಲಿ ಹೊತ್ತೊಯ್ಯುತ್ತದೆ. ನಯವಾದ ಮರಳಿನ ಜೊತೆ ಬೆರೆಸಿ ಚೆಲ್ಲಿ, ಪಾತಿಯ ಸುತ್ತ ಅಕ್ಕಿ ರವೆ ಉದುರಿಸಿ. ಇರುವೆ ರವೆಗೆ ಹೋಗುತ್ತದೆ. ಮೊಳಕೆ ಕಾಣುವವರೆಗೆ ಒದ್ದೆ ಗೋಣಿತಾಟು ಹೊದಿಸಿ, ಕಂಡ ದಿನವೇ ತೆಗೆಯಿರಿ.

6. ಬದನೆಯಂಥ ಸಸಿ ನೆಡುವುದಾದರೆ ಬಿಸಿಲು ಇಳಿದ ಮೇಲೆ ನೆಟ್ಟು, ಪಡುವಣ ಬದಿಗೆ ಹೊಂಗೆ ಅಥವಾ ಬೇವಿನ ರೆಂಬೆ ಚುಚ್ಚಿ. ಮಧ್ಯಾಹ್ನದ ನಂತರದ ಬಿಸಿಲೇ ಸಸಿಯನ್ನು ಕೊಲ್ಲುವುದು. ಒಂದು ವಾರ ಈ ನೆರಳು ಸಾಕು.

7. ಗಿಡ ಗೇಣುದ್ದ ಆದ ಕೂಡಲೇ ಹೊದಿಕೆ ಹಾಕಿ. ರಾಗಿ ಹುಲ್ಲು ಸಿಕ್ಕರೆ ಉತ್ತಮ. ಅದು ದನಕ್ಕೇ ಸಾಲದ ಕಾಲದಲ್ಲಿ ಒಣಗಿದ ಅವರೆ ಗಿಡ, ಮಾವಿನ ತರಗೆಲೆ, ಕಬ್ಬಿನ ರವದಿ, ಹೊಂಗೆ ಸೊಪ್ಪು ಯಾವುದಾದರೂ ಸರಿ. ಕೆಂಪುಮಣ್ಣಿನಲ್ಲಿ ಒಣ ಹೊದಿಕೆಗೆ ಗೆದ್ದಲು ಬರುತ್ತದೆ. ಗಿಡದ ಬುಡಕ್ಕೆ ತಾಗದಂತೆ ಮೂರು ಬೆರಳು ಜಾಗ ಬಿಡಿ, ಮೊದಲೇ ಹಾಕಿದ ಹಿಂಡಿಯೂ ಸಹಾಯಕ್ಕೆ ಬರುತ್ತದೆ.

8. ನೀರು ಬೆಳಗಿನ ಜಾವಕ್ಕೆ. ಸೊಪ್ಪಿಗೆ ದಿನವೂ, ಬೇರೂರಿದ ಬೆಂಡೆ, ಗೋರಿಕಾಯಿಗೆ ಎರಡು ದಿನಕ್ಕೊಮ್ಮೆ ಎರಡು ದಿನದ್ದನ್ನು ಒಟ್ಟಿಗೆ. ಹೊದಿಕೆ ಸರಿಸಿ ಬೆರಳು ಚುಚ್ಚಿ ನೋಡಿ: ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ಮಾತ್ರ ನೀರು. ಮಧ್ಯಾಹ್ನ ಎಲೆ ಬಾಡಿದಂತೆ ಕಂಡು ಸಂಜೆ ಎದ್ದು ನಿಂತರೆ ಗಿಡಕ್ಕೆ ಏನೂ ಆಗಿಲ್ಲ. ಬೆಳಗ್ಗೆಯೂ ಬಾಡಿದ್ದರೆ ನೀರು ಸಾಲದು.

ಹಸಿರು ನೆರಳುಪರದೆ ಸೊಪ್ಪಿಗೆ, ಸಸಿಮಡಿಗೆ ಒಳ್ಳೆಯದು. ಶೇಕಡಾ 50 ನೆರಳಿನದು ಸಾಕು. ಬೆಂಡೆ, ಗೋರಿಕಾಯಿ, ಅಲಸಂದೆಗೆ ಬೇಡವೇ ಬೇಡ. ಅವು ಬಿಸಿಲಿಗೇ ಹುಟ್ಟಿದವು. ನೆರಳಲ್ಲಿ ಉದ್ದಕ್ಕೆ ಬೆಳೆದು ಕಾಯಿ ಕಡಿಮೆ ಮಾಡುತ್ತವೆ.

ಉಳಿದ ಪಾತಿಗೆ ಬಿಸಿಲ ಶುದ್ಧಿ

ನೀರು ಸಾಲದೆ ಬಿಟ್ಟ ಪಾತಿ, ಜಂತುಹುಳು ಕಂಡ ಪಾತಿ, ಸೊರಗು ರೋಗ ಬಂದ ಪಾತಿ ಇವಕ್ಕೆ ಏಪ್ರಿಲ್, ಮೇ ಬಿಸಿಲಿಗಿಂತ ಒಳ್ಳೆಯ ಔಷಧಿಯಿಲ್ಲ. ಪಾತಿಯನ್ನು ಅಗೆದು ಹೆಂಟೆ ಒಡೆದು ಸಮ ಮಾಡಿ, ಚೆನ್ನಾಗಿ ನೀರುಣಿಸಿ. ಮೇಲೆ 25 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಹಾಸಿ, ನಾಲ್ಕೂ ಅಂಚನ್ನು ಮಣ್ಣಿನಲ್ಲಿ ಹೂತುಬಿಡಿ. ನಾಲ್ಕರಿಂದ ಆರು ವಾರ ಮುಟ್ಟಬೇಡಿ. ಪಾರದರ್ಶಕ ಹಾಳೆಯೊಳಗೆ ಬಿಸಿಲು ಇಳಿಯುತ್ತದೆ, ಶಾಖ ಹೊರಗೆ ಹೋಗಲಾರದು. ಒದ್ದೆ ಮಣ್ಣು ಆ ಶಾಖವನ್ನು ಕೆಳಗೆ ಒಯ್ಯುತ್ತದೆ. ಜಂತುಹುಳು, ಶಿಲೀಂಧ್ರ, ಕಳೆಯ ಬೀಜ ಮೇಲ್ಪದರದಲ್ಲಿ ಬಹುಪಾಲು ನಾಶವಾಗುತ್ತವೆ. ಕಪ್ಪು ಹಾಳೆ ಕಳೆ ತಡೆಯುತ್ತದೆ, ಮಣ್ಣನ್ನು ಇಷ್ಟು ಕಾಯಿಸುವುದಿಲ್ಲ. ಒಣ ಮಣ್ಣಿನ ಮೇಲೆ ಹಾಸಿದರೂ ಫಲವಿಲ್ಲ. ಹಾಳೆ ತೆಗೆದ ಮೇಲೆ ಆಳವಾಗಿ ಅಗೆಯಬೇಡಿ, ಕೆಳಗಿನ ಹುಳು ಮೇಲೆ ಬರುತ್ತದೆ. ಕಳಿತ ಗೊಬ್ಬರ ಮೇಲೆ ಬೆರೆಸಿ, ಮೊದಲ ಮಳೆಗೆ ನೆಡಿ.

ಕೆಜಿಎಫ್‌ನವರಿಗೆ ಒಂದು ಎಚ್ಚರಿಕೆ

ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಸೈನೈಡ್ ದಿಬ್ಬಗಳು ಹಾಗೇ ಇವೆ. ಚಾಂಪಿಯನ್ ರೀಫ್, ಮಾರಿಕುಪ್ಪಂ, ಉರಿಗಾಂ ಸುತ್ತಮುತ್ತ ಬೇಸಿಗೆಯ ಗಾಳಿಗೆ ಅವುಗಳ ಬಿಳಿ ಧೂಳು ಏಳುತ್ತದೆ. ನೋಡಲು ನಯವಾದ ಮರಳಿನಂತಿರುವ ಆ ಮಣ್ಣನ್ನು ಯಾವ ಕಾರಣಕ್ಕೂ ಪಾತಿಗೆ, ಕುಂಡಕ್ಕೆ, ಬೀಜ ಬೆರೆಸಲು ತರಬೇಡಿ. ಅದಿರು ಅರೆದು ಚಿನ್ನ ತೆಗೆದು ಬಿಸಾಡಿದ ಪುಡಿ ಅದು. ಗಿಡಕ್ಕೆ ಬೇಕಾದ ಸಾರ ಅದರಲ್ಲಿಲ್ಲ, ತಿನ್ನುವವರಿಗೆ ಬೇಡವಾದದ್ದು ಇರಬಹುದು. ದಿಬ್ಬದ ಹತ್ತಿರ ಮನೆಯಿದ್ದರೆ ಗಾಳಿ ಬರುವ ಬದಿಗೆ ಬೇಲಿಗಿಡ ಬೆಳೆಸಿ, ಬೇರೆಡೆಯಿಂದ ತಂದ ಮಣ್ಣಿನಲ್ಲಿ ಬೆಳೆಯಿರಿ, ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಇಂಥ ಜಾಗದಲ್ಲಿ ಸೊಪ್ಪಿಗಿಂತ ಚಪ್ಪರದ ಕಾಯಿ ಮೇಲು.

ಇನ್ನೊಂದು: 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಮರುಪೂರಣಕ್ಕೆ. ಅಂಥ ಕೆರೆಯ ನೀರನ್ನು ನೇರವಾಗಿ ಎತ್ತಿ ಸೊಪ್ಪಿಗೆ ಹಾಯಿಸಬೇಡಿ.

ಸಾಮಾನ್ಯ ತಪ್ಪುಗಳು

ನೀಲಗಿರಿ ಎಲೆಯನ್ನು ಹೊದಿಕೆ ಮಾಡುವುದು. ನಮ್ಮಲ್ಲಿ ಅದು ಎಲ್ಲೆಲ್ಲೂ ಪುಕ್ಕಟೆ ಸಿಗುತ್ತದೆ, ಆದರೆ ಅದರ ರಸ ಬೀಜ ಮೊಳೆಯುವುದನ್ನು ತಡೆಯುತ್ತದೆ.

ದಿನಕ್ಕೆ ಮೂರು ಸಲ ಮೇಲೆ ಮೇಲೆ ನೀರು ಚಿಮುಕಿಸುವುದು. ಬೇರು ಮೇಲ್ಪದರದಲ್ಲೇ ಉಳಿದು, ಒಂದು ದಿನ ನೀರು ತಪ್ಪಿದರೂ ಗಿಡ ಸಾಯುತ್ತದೆ.

ಎಲೆ ಹಳದಿಯಾಯಿತೆಂದು ಯೂರಿಯಾ ಎರಚುವುದು. ನರ ಹಸಿರಾಗಿದ್ದು ಎಳೆಯ ಎಲೆ ಮಾತ್ರ ಹಳದಿಯಾದರೆ ಅದು ಗಡುಸು ನೀರಿನಿಂದಾದ ಕಬ್ಬಿಣದ ಕೊರತೆ. ಲಘುಪೋಷಕಾಂಶದ ಸಿಂಪಡಣೆ ಬೇಕು, ಯೂರಿಯಾ ಅಲ್ಲ. ಬೆಂಡೆ ಎಲೆಯಲ್ಲಿ ನರವೇ ಹಳದಿಯಾದರೆ ಅದು ಬಿಳಿನೊಣ ತರುವ ನಂಜುರೋಗ. ಆ ಗಿಡಕ್ಕೆ ಮದ್ದಿಲ್ಲ, ಕಿತ್ತುಬಿಡಿ, ಹಳದಿ ಅಂಟುಹಾಳೆ ನೇತುಹಾಕಿ.

ಸುಡುಬಿಸಿಲಿನಲ್ಲಿ ಬೇವಿನೆಣ್ಣೆ ಹೊಡೆಯುವುದು. ಎಲೆ ಸುಡುತ್ತದೆ. ಲೀಟರ್ ನೀರಿಗೆ 5 ಮಿಲಿ, ಸ್ವಲ್ಪ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಎಲೆಯಡಿ ಸಣ್ಣ ಬಲೆ ಕಟ್ಟುವ ಕೆಂಪು ನುಸಿಗೆ ಮೊದಲು ಬರೀ ನೀರನ್ನೇ ಎಲೆಯಡಿಗೆ ಜೋರಾಗಿ ಹೊಡೆದು ನೋಡಿ.

ಹಣ್ಣುನೊಣ ಚುಚ್ಚಿ ಕೊಳೆತ ಹೀರೆ, ಹಾಗಲವನ್ನು ಬುಡದಲ್ಲೇ ಬಿಡುವುದು. ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಕಾಯಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ನಾಲ್ಕು ದಿನ ಬಿಸಿಲಲ್ಲಿಡಿ.

ಬಿತ್ತನೆಗೆ ಮಾರ್ಚ್ ಮೊದಲ ಹದಿನೈದು ದಿನ ಒಳ್ಳೆಯ ಕಾಲ. ಏಪ್ರಿಲ್ ಎರಡನೇ ವಾರದವರೆಗೂ ಬೆಂಡೆ, ಗೋರಿಕಾಯಿ ಬಿತ್ತಬಹುದು. ಸೊಪ್ಪಿಗೆ ಕಾಲದ ಕಟ್ಟಿಲ್ಲ. ಮೇ ತಿಂಗಳಲ್ಲಿ ಭರಣಿ, ಕೃತ್ತಿಕೆ ಮಳೆ ಕೈಹಿಡಿದರೆ ಮುಂಗಾರಿನ ಟೊಮ್ಯಾಟೊ, ಮೆಣಸಿನಕಾಯಿಗೆ ನೆರಳಲ್ಲಿ ಸಸಿಮಡಿ ಶುರುಮಾಡಿ. ಮಣ್ಣು ಪರೀಕ್ಷೆ ಮಾಡಿಸುವ, ಸಲಹೆ ಪಡೆಯುವ ಮನಸ್ಸಿದ್ದರೆ ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಮಾದರಿಯನ್ನು ಮಾತ್ರ ಪಾತಿಗೆ ಗೊಬ್ಬರ ಹಾಕುವ ಮೊದಲೇ ತೆಗೆದಿಟ್ಟುಕೊಳ್ಳಿ.